ಬೀದಿಗೆ ಬಿಟ್ಟ ತಂಪು

ಕದಿರಪ್ಪನಿಗೆ ಸಂಬಳ ಬರುತ್ತಿದ್ದದ್ದು ಬಾಗಿಲು ಮುಚ್ಚಿಸುವುದಕ್ಕೆ. ಕಾಗದದ ಮೇಲೆ ಅವನ ಹುದ್ದೆಗೆ ಬೇರೇನೋ ದೊಡ್ಡ ಹೆಸರಿತ್ತು. ಆದರೆ ಹೊಸೂರಿನ ನಮ್ಮ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ಇಟ್ಟಿದ್ದ ಕೋಣೆಯೊಳಗೆ ಕೂತು, ಬಂದವರು ಬಾಗಿಲು ತೆರೆದಿಟ್ಟೇ ನುಗ್ಗಿದರೆ "ಸಾರ್, ಡೋರು" ಎನ್ನುವುದೇ ಅವನ ದಿನದ ಕೆಲಸ. ಆ ಕೋಣೆಗೆ ಏಸಿ ಹಾಕಿಸಿದ್ದರು. ಮನುಷ್ಯರಿಗಲ್ಲ, ಉಕ್ಕಿನ ಗೇಜುಗಳಿಗೆ. ಸೆಕೆಗೆ ಉಕ್ಕು ಹಿಗ್ಗುತ್ತದೆ, ಹಿಗ್ಗಿದ ಗೇಜಿನಲ್ಲಿ ಅಳೆದರೆ ಲೋಕವೆಲ್ಲ ಕುಗ್ಗಿ ಕಾಣುತ್ತದೆ ಎಂದು ಯಾವನೋ ಇಂಜಿನಿಯರು ಹೇಳಿಕೊಟ್ಟದ್ದನ್ನು ಅವನು ಬಂದವರಿಗೆಲ್ಲ ಮಂತ್ರದಂತೆ ಒಪ್ಪಿಸುತ್ತಿದ್ದ. ದೊಡ್ಡ ಮ್ಯಾನೇಜರೇ ಹೊಸ್ತಿಲಲ್ಲಿ ನಿಂತು ಮಾತಿಗೆ ತೊಡಗಿದರೂ ಬಿಡುತ್ತಿರಲಿಲ್ಲ. "ಸಾರ್, ಒಳಗಾದ್ರೂ ಬನ್ನಿ, ಹೊರಗಾದ್ರೂ ಹೋಗಿ. ತಂಪು ಬೀದಿಗೆ ಹೋಗ್ತೈತೆ." ವೈಕುಂಠಕ್ಕೆ ಜಯವಿಜಯರಿದ್ದಂತೆ ನಮಗೆ ಕದಿರಪ್ಪ. ಆ ಇಬ್ಬರಿಗೆ ಶಾಪ ಸಿಕ್ಕಿತು, ಇವನಿಗೆ ಜನರಲ್ ಶಿಫ್ಟು ಸಿಕ್ಕಿತು.

ಇಂಥವನ ಮನೆಯಿಂದಲೇ ತಂಪು ಬೀದಿಗೆ ಹೋಯಿತು ಎನ್ನುವುದು ಅವನ ಬದುಕಿನ ಕಥೆ.

ಅವನ ಊರು ರಾಯಕೋಟೆಗೆ ಹತ್ತಿರದ ತೊಗರಿಸಂದ್ರ. ಒಂದೇ ಬೀದಿ. ಬೀದಿಯ ಈ ತುದಿಯಲ್ಲಿ ಕರೆಂಟಿನ ಟ್ರಾನ್ಸ್‌ಫಾರ್ಮರು, ಅದರ ಪಕ್ಕಕ್ಕೆ ಕದಿರಪ್ಪನ ಮನೆ. ಆ ತುದಿಯಲ್ಲಿ ಅವನ ಅಕ್ಕ ಮುನಿವೆಂಕಟಮ್ಮನ ಹಿಟ್ಟಿನ ಮಿಷನ್ನು. ಮಿಷನ್ ಎಂದರೆ ಸಿಸ್ಟರುಗಳು ನಡೆಸುವುದು ಎಂದು ಕಾನ್ವೆಂಟಿನಲ್ಲಿ ಕಲಿತಿದ್ದ ನನಗೆ ಇದೂ ಒಬ್ಬ ಸಿಸ್ಟರು ನಡೆಸುವ ಮಿಷನ್ನೇ ಎಂದು ಸಮಾಧಾನವಾಗಿತ್ತು. ಗಂಡ ತೀರಿಕೊಂಡ ಮೇಲೆ ಆಕೆಗೆ ಉಳಿದದ್ದು ಅದೊಂದೇ. ಕಣ್ಣಿನ ರೆಪ್ಪೆಯ ತನಕ ಹಿಟ್ಟು ಮೆತ್ತಿಕೊಂಡು, ರಾಗಿಗೆ ಒಂದು ಕಲ್ಲು, ಮೆಣಸಿನಕಾಯಿಗೆ ಇನ್ನೊಂದು ಕಲ್ಲು ಎಂದು ಬೇರೆ ಬೇರೆ ಇಟ್ಟುಕೊಂಡು, ಊರಿನ ಮುದ್ದೆಗೆಲ್ಲ ತಾನೇ ಮೂಲ ಎಂಬ ಹೆಮ್ಮೆಯಿಂದ ಬಾಳುತ್ತಿದ್ದಳು. ಹೊಲದ ಕೆಲಸ ಮುಗಿಸಿದ ಹೆಂಗಸರು ರಾಗಿ ಹೊತ್ತುಕೊಂಡು ಬರುತ್ತಿದ್ದದ್ದು ಸಂಜೆಗೆ. ಹಾಗಾಗಿ ಮಿಷನ್ನು ಜೋರಾಗಿ ಓಡುತ್ತಿದ್ದದ್ದೂ ಸಂಜೆಗೆ.

ಕದಿರಪ್ಪ ಊರಿಗೆ ಬರುತ್ತಿದ್ದದ್ದೂ ಸಂಜೆಗೇ. ಇಡೀ ಹಗಲು ಗೇಜುಗಳ ಜೊತೆ ತಣ್ಣಗಿದ್ದ ಮೈ ಬಸ್ಸಿಳಿದ ಕೂಡಲೇ ಬೇಯತೊಡಗುತ್ತಿತ್ತು. ಮೊದಲು ಅವನದು ಹಂಚಿನ ಮನೆ, ಹೇಗೋ ತಡೆಯುತ್ತಿತ್ತು. ಕಾರ್ಖಾನೆಯ ನೌಕರ ಹಂಚಿನಡಿ ಮಲಗುವುದೇ ಎಂದು ಹಂಚು ಇಳಿಸಿ ತಾರಸಿ ಹಾಕಿಸಿದ ಮೇಲೆ ಮನೆ ರೊಟ್ಟಿ ಹಂಚಾಯಿತು. ಹೆಂಡತಿ ಆದಿಲಕ್ಷ್ಮಿ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟೋಣ ಎಂದಳು. ಹಿಂದಿನವರು ಸೆಕೆಗೆ ಮಾಡುತ್ತಿದ್ದದ್ದು ಅದನ್ನೇ. ಆದರೆ ಏಸಿಯ ಕೋಣೆಯಲ್ಲಿ ದುಡಿಯುವವನು ಗೋಣಿಯ ಮೊರೆ ಹೋಗುವುದು ಅವನ ಮಾನಕ್ಕೆ ಸರಿಕಾಣಲಿಲ್ಲ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಕಾರ್ಖಾನೆ ತನ್ನ ಹಳೆಯ ಕಿಟಕಿ ಏಸಿಗಳನ್ನು ತೆಗೆದುಹಾಕಿದಾಗ ಒಂದನ್ನು ಕದಿರಪ್ಪ ಕೊಂಡುಕೊಂಡ. ಹೊಸೂರಿನಲ್ಲಿ ಟೊಮೇಟೊ ಇಳಿಸಿ ಖಾಲಿ ಮರಳುತ್ತಿದ್ದ ಲಾರಿಯಲ್ಲಿ ಅದು ತೊಗರಿಸಂದ್ರಕ್ಕೆ ಬಂತು. ಅದರ ಜೊತೆಗೆ, ಕರೆಂಟು ಏರಿಳಿದರೆ ಸರಿತೂಗಿಸುವ ಒಂದು ಕಬ್ಬಿಣದ ಪೆಟ್ಟಿಗೆ. ಆ ಪೆಟ್ಟಿಗೆ ಆಗಾಗ ಮುದುಕರು ಲೊಚಗುಟ್ಟುವಂತೆ ಟಕ್ ಎನ್ನುತ್ತಿತ್ತು. ಯಂತ್ರವನ್ನು ಮಲಗುವ ಕೋಣೆಗೆ ಹಾಕಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಕದಿರಪ್ಪ ಅದನ್ನು ಬೀದಿಗೆ ಬಾಗಿಲಿದ್ದ ನಡುಮನೆಗೆ ಹಾಕಿಸಿದ. ಮಲಗುವ ಕೋಣೆಯಲ್ಲಿದ್ದರೆ ಯಾರು ನೋಡಬೇಕು? ಹವಾನಿಯಂತ್ರಣದಲ್ಲಿ ನಿಯಂತ್ರಣಕ್ಕಿಂತ ಹವಾ ಹೆಚ್ಚಾದದ್ದು ಹೀಗೆ.

ಮೊದಲ ದಿನವೇ ತೊಡಕು ಬಂತು. ಕದಿರಪ್ಪ ಬಸ್ಸಿಳಿದು ಬಂದು, ಕಾಲು ತೊಳೆದು, ಯಂತ್ರದ ತಿರುಪನ್ನು ತುದಿಯ ತನಕ ತಿರುಗಿಸಿ, ಬೀದಿಬಾಗಿಲು ಹಾಕಿದ. ತಾಯಿ ನಾರಾಯಣಮ್ಮ ಬಂದು ತೆಗೆದಳು. ಅವನು ಮತ್ತೆ ಹಾಕಿದ. ಆಕೆ ಮತ್ತೆ ತೆಗೆದಳು.

"ದೀಪ ಹಚ್ಚೋ ಹೊತ್ತಲ್ಲಿ ಬಾಗ್ಲಾಕ್ತಾರೇನ್ಲಾ? ಲಕ್ಷ್ಮಿ ಬರೋ ಹೊತ್ತು. ನಮ್ಮನೆ ಬಾಗ್ಲಾಕಿದ್ರೆ ಎದುರುಮನೆಗೆ ಹೋಗ್ಬುಡ್ತಾಳೆ."

ಜಗಲಿಯ ಮೇಲೆ ಪಾಪಣ್ಣ ಕೂತಿದ್ದ. ದೂರದ ನೆಂಟಸ್ತಿಕೆಯಲ್ಲಿ ಮಾವನಾಗಬೇಕಾದವನು, ಬೀದಿಯ ಮಾತಿಗೆಲ್ಲ ಒಗ್ಗರಣೆ ಹಾಕುವವನು. ಒಳಗಿರುವ ಆದಿಲಕ್ಷ್ಮಿ ಸೆಕೆಗೆ ಎದ್ದು ತವರಿಗೆ ಹೋದರೂ ಪರವಾಗಿಲ್ಲ, ಹೊರಗಿನ ಲಕ್ಷ್ಮಿ ಒಳಗೆ ಬಂದರೆ ಸಾಕು ಎಂದ. ಬಾಗಿಲು ತೆರೆದೇ ಉಳಿಯಿತು. ಕಾರ್ಖಾನೆಯಲ್ಲಿ ದೊಡ್ಡ ಮ್ಯಾನೇಜರಿಗೆ "ಡೋರು" ಎನ್ನುತ್ತಿದ್ದ ನಾಲಿಗೆ ಮನೆಯಲ್ಲಿ ಅಮ್ಮನ ಎದುರು ಏಳಲಿಲ್ಲ.

ದೀಪದ ಹೊತ್ತು ದಾಟಿದ ಮೇಲಾದರೂ ಮುಚ್ಚಬಹುದಿತ್ತು. ಅಷ್ಟರಲ್ಲಿ ಜಗಲಿ ತುಂಬಿರುತ್ತಿತ್ತು. ತೆರೆದ ಬಾಗಿಲಿನಿಂದ ತಣ್ಣನೆಯ ಗಾಳಿ ಕಾಲಿಗೆ ಬಂದು ತಾಗುತ್ತದೆ ಎಂಬ ಸುದ್ದಿ ಹಬ್ಬಿ, ಮುದುಕರು, ಬಸುರಿಯರು, ಬೆವರುಸಾಲೆ ಎದ್ದ ಕೂಸುಗಳು ಎಲ್ಲ ಅಲ್ಲಿಗೇ. ಜಗಲಿಯ ಮೇಲೆ ಕೂತವರ ಮುಖದ ಮೇಲೆ ಬಾಗಿಲು ಹಾಕುವುದು ಆ ಬೀದಿಯಲ್ಲಿ ಹುಟ್ಟಿದ ಯಾರಿಗೂ ಬಾರದ ವಿದ್ಯೆ. ಹಾಗಾಗಿ ಯಂತ್ರ ಒಂದು ನಡುಮನೆಯನ್ನು ತಂಪು ಮಾಡುವುದರ ಬದಲು ಇಡೀ ಬೀದಿಯನ್ನು, ಬೀದಿಯ ಆಚೆಯ ಹುಣಸೆ ತೋಪನ್ನು, ಆಗುವುದಾದರೆ ಅಂಚೆಟ್ಟಿಯ ಕಾಡಿನ ತನಕ ತಂಪು ಮಾಡಲು ಹೆಣಗುತ್ತಿತ್ತು. ಒಳಗಿನ ಸೆಕೆ ಇಳಿಯದು, ಯಂತ್ರ ನಿಲ್ಲದು. ಅದರ ಜಾಲರಿಗೆ ಬೀದಿಯ ಧೂಳು ಕಂಬಳಿಯಂತೆ ಹತ್ತಿತು. ಮೂಗು ಕಟ್ಟಿದ ಯಂತ್ರ ಇನ್ನಷ್ಟು ಉಸಿರೆಳೆಯಿತು. ಬಾಗಿಲ ಮೇಲಿನ ಮೀಟರಿನ ಬಿಲ್ಲೆ ದೇವಸ್ಥಾನದಲ್ಲಿ ಉರುಳುಸೇವೆ ಮಾಡುವ ಹರಕೆಯವನಂತೆ ಸುತ್ತುತ್ತಿತ್ತು.

ಇನ್ನೊಂದು ಸಂಗತಿಯೂ ನಡೆಯುತ್ತಿತ್ತು. ಯಂತ್ರ ಹೂಂಕರಿಸಿ ಹೊರಟೊಡನೆ ಬೀದಿಯ ದೀಪಗಳು ಒಂದರ ಹಿಂದೊಂದು ಮಂಕಾಗುತ್ತಿದ್ದವು. ಈ ತುದಿಯಲ್ಲಿ ಸ್ವಲ್ಪ, ಆ ತುದಿಯಲ್ಲಿ ಬಹಳ. ಮಿಷನ್ನಿನ ಮುಂದೆ ನೇತಾಡುತ್ತಿದ್ದ ಬಲ್ಬು ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ಇಳಿಯುತ್ತಿತ್ತು. ಕದಿರಪ್ಪನ ಮನೆಗೆ ಚಳಿ ಹತ್ತಿದರೆ ಬೀದಿ ದೀಪಕ್ಕೆಲ್ಲ ಜ್ವರ ಬರುತ್ತದೆ ಎಂದು ಪಾಪಣ್ಣ ಹೇಳಿದ್ದನ್ನು ಎಲ್ಲರೂ ತಮಾಷೆಯೆಂದೇ ತೆಗೆದುಕೊಂಡರು. ಕದಿರಪ್ಪ ಹಾಗೆ ತೆಗೆದುಕೊಳ್ಳಲಾರದವನು. ಅವನಿಗೆ ಗೊತ್ತಿತ್ತು. ಆ ಪೆಟ್ಟಿಗೆ ಟಕ್ ಎಂದ ಕೂಡಲೇ ಅವನ ಕಣ್ಣು ತಾನಾಗಿ ಬೀದಿಯ ಆ ತುದಿಗೆ ಓಡುತ್ತಿತ್ತು. ಬಲ್ಬು ಕೆಂಪಾದದ್ದನ್ನು ನೋಡಿ, ನೋಡಲಿಲ್ಲವೆಂದುಕೊಂಡು, ಒಳಗೆ ಬಂದು ಕೂರುತ್ತಿದ್ದ. ತಂಪು ಎಂಬ ಪದದ ಸೊನ್ನೆ ತೆಗೆದು ಒಂದಿಷ್ಟು ಒತ್ತು ಕೊಟ್ಟರೆ ತಪ್ಪು ಆಗುತ್ತದೆ. ಅವನು ಬರೆಯುವವನಲ್ಲ, ಆದರೂ ಅಷ್ಟು ಹತ್ತಿರದಲ್ಲಿ ಎರಡೂ ಇವೆಯೆಂದು ಮೈಗೆ ಗೊತ್ತಾಗುತ್ತಿತ್ತು.

ಮುನಿವೆಂಕಟಮ್ಮನೂ ಒಂದು ಸಂಜೆ ಜಗಲಿಗೆ ಬಂದಳು. ಅಂದು ಮದುವೆ ಮನೆಯೊಂದರ ರಾಗಿ ಮೂಟೆಗಟ್ಟಲೆ ಬಂದಿತ್ತು. ಮಿಷನ್ನಿನ ಮೇಲಿನ ತೊಟ್ಟಿಗೆ ತುಂಬ ರಾಗಿ ಸುರಿದು, ಅದು ಇಳಿಯುವ ತನಕ ಒಂದು ಗಳಿಗೆ ಎಂದು ತಮ್ಮನ ಮನೆಗೆ ಬಂದು ಬಾಗಿಲಿಗೆ ಬೆನ್ನುಕೊಟ್ಟು ಕೂತಳು. ಹಿಟ್ಟಿನ ಮೈಗೆ ತಣ್ಣನೆ ಗಾಳಿ ತಾಗಿದಾಗ ಸೆರಗು ಹೊದ್ದುಕೊಂಡು, ಆಹಾ, ಸತ್ತವರು ಹೋಗುವ ಕಡೆ ಹೀಗೇ ಇರುತ್ತದೇನೋ ಎಂದಳಂತೆ. ಗಳಿಗೆ ಎಂದದ್ದು ಉದ್ದವಾಯಿತು. ಮಿಷನ್ನಿನ ಸದ್ದು ಮೊದಲು ಗಂಟಲು ಕಟ್ಟಿದಂತೆ ಗೊರಗೊರ ಎಂದಿತು, ಆಮೇಲೆ ನಿಂತಿತು. ಆಕೆ ಎದ್ದು ಓಡುವಷ್ಟರಲ್ಲಿ ಬೀದಿಯೆಲ್ಲ ಸುಟ್ಟ ಅರಗಿನ ವಾಸನೆ. ಮೋಟರು ಹೋಗಿತ್ತು.

ರಾಯಕೋಟೆಯಲ್ಲಿ ಮೋಟರಿಗೆ ತಂತಿ ಸುತ್ತುವವನ ಹತ್ತಿರ ಅಕ್ಕ ತಮ್ಮ ಇಬ್ಬರೂ ಹೋದರು. ಅವನು ಮೋಟರು ಬಿಚ್ಚಿ, ಕರ್ರಗಾದ ತಂತಿಯನ್ನು ಮೂಸಿ, ತಮಿಳು ಕನ್ನಡ ಎರಡನ್ನೂ ಬೆರೆಸಿ ಒಂದೇ ಉಸಿರಿಗೆ ಹೇಳಿದ: "ಮೂರು ತಂತೀಲಿ ಒಂದಕ್ಕೆ ಕರೆಂಟ್ ಸಾಲ್ದೆ ಮೋಟ್ರು ಕಾದಿರೋದಮ್ಮಾ, ಪಕ್ಕದಲ್ಲಿ ಆಳ್ ಇಲ್ಲೆಯಾ? ಇದ್ದಿದ್ರೆ ವಾಸ್ನೆ ಬಂದ ತಕ್ಷಣ ಆಫ್ ಮಾಡ್ಬೋದಿತ್ತು."

ಒಂದು ಮಾತಿನಲ್ಲಿ ಎರಡು ತುಂಡು. ಕದಿರಪ್ಪನ ಕಿವಿಗೆ ಮೊದಲ ತುಂಡು ಬಿತ್ತು, ಎರಡನೆಯದು ಕೇಳಿಸಲೇ ಇಲ್ಲ. ಮೂವರು ಹೊತ್ತ ಮೂಟೆಯಲ್ಲಿ ಒಬ್ಬ ಕೈಬಿಟ್ಟರೆ ಉಳಿದವರ ಬೆನ್ನು ಮುರಿಯುವಂತೆ ಮೋಟರು ಸುಟ್ಟಿತು, ಕೈಬಿಡಿಸಿದವನು ತಾನು ಎಂದು ಅವನು ಅಲ್ಲೇ ನಿಂತು ಬೆವರಿದ. ಅಕ್ಕ ಏನನ್ನು ಕೇಳಿಸಿಕೊಂಡಳು ಎಂದು ಅವನು ಯೋಚಿಸಲಿಲ್ಲ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆಗೆ ತಿರುಗಿ ಕೂತಳು. ಅಕ್ಕನಿಗೆ ತಿಳಿದುಹೋಗಿದೆ, ಅದಕ್ಕೇ ಮುಖ ತಿರುಗಿಸಿದ್ದಾಳೆ ಎಂದು ಅವನು ತೀರ್ಮಾನಿಸಿಕೊಂಡ.

ಊರಿನವರು ಮಾತ್ರ ತೀರ ಬೇರೆಯಾಗಿ ತೀರ್ಮಾನಿಸಿದರು. ಕರೆಂಟಿನವರು ಕಂಬ ನೆಟ್ಟದ್ದೇ ಸರಿಯಿಲ್ಲ ಎಂದರು. ಮದುವೆಯ ರಾಗಿಗೆ ದೃಷ್ಟಿ ತಾಗಿತು ಎಂದರು. ಏಸಿಯ ಹೆಸರು ಯಾರೂ ಎತ್ತಲಿಲ್ಲ, ಯಾಕೆಂದರೆ ಅದರ ಮುಂದೆ ಎಲ್ಲರೂ ಕೂತಿದ್ದವರು. ಕದಿರಪ್ಪ ಯಂತ್ರದ ತಂತಿ ಕಿತ್ತು, ಕೆಟ್ಟಿದೆ ಎಂದುಬಿಟ್ಟ. ಅಯ್ಯೋ ಪಾಪ, ಅಕ್ಕನ ಮಿಷನ್ನೂ ಹೋಯಿತು, ತಮ್ಮನ ಮಿಷನ್ನೂ ಹೋಯಿತು, ಒಂದೇ ಗ್ರಹಚಾರ ಎಂದು ಜನ ಮರುಗಿದರು. ಆ ಮರುಕ ಅವನಿಗೆ ಕುದಿನೀರು ಹುಯ್ದಂತಾಯಿತು.

ಹೆಂಗಸರು ರಾಗಿ ಹೊತ್ತು ರಾಯಕೋಟೆಗೆ ನಡೆಯತೊಡಗಿದರು. ಅವರು ಹೋಗಬೇಕಾದ್ದು ಕದಿರಪ್ಪನ ಜಗಲಿಯ ಮುಂದೆಯೇ. ಎರಡು ದಿನ ನೋಡಿದ. ತಡೆಯಲಾರದೆ ಅವರ ಮೂಟೆಗಳನ್ನು ತನ್ನ ಸೈಕಲ್ಲಿಗೆ ಕಟ್ಟಿಕೊಂಡು ತಾನೇ ಹೋಗಿ ಹಿಟ್ಟು ಮಾಡಿಸಿ ತಂದುಕೊಡಲು ಶುರುಮಾಡಿದ. ಶಿಫ್ಟು ಮುಗಿಸಿ ಬಂದವನು ಚಹಾ ಕುಡಿಯದೆ ಪೆಡಲು ತುಳಿಯುವುದನ್ನು ನೋಡಿ ಊರು ಬೆರಗಾಯಿತು. ಅಕ್ಕನ ಗಿರಾಕಿಗಳು ಕೈಬಿಟ್ಟು ಹೋಗಬಾರದೆಂದು ತಮ್ಮ ದುಡಿಯುತ್ತಿದ್ದಾನೆ, ಇಂಥ ತಮ್ಮ ಯಾರ ಹೊಟ್ಟೆಯಲ್ಲಿ ಹುಟ್ಟುತ್ತಾನೆ ಎಂದು ಮುದುಕಿಯರು ಅವನ ಕೆನ್ನೆ ನೀವಿ ನೆಟಿಕೆ ಮುರಿದರು. ನೆಟಿಕೆ ಮುರಿದಾಗಲೆಲ್ಲ ಅವನಿಗೆ ಆ ಕಬ್ಬಿಣದ ಪೆಟ್ಟಿಗೆಯ ಟಕ್ ಕೇಳಿಸುತ್ತಿತ್ತು.

ಕಾರ್ಖಾನೆಯಲ್ಲಿ ಅವನು ಬಾಗಿಲ ಬಗ್ಗೆ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದ. ನಾವು ತೆರೆದಿಟ್ಟು ನಿಂತರೆ ಎದ್ದು ಬಂದು ತಾನೇ ಮೆಲ್ಲನೆ ಮುಚ್ಚಿ ಹೋಗುತ್ತಿದ್ದ. ಹುಷಾರಿಲ್ಲವೇ ಎಂದು ಕೇಳಿದರೆ, ಸೆಕೆ ಸಾರ್ ಎನ್ನುತ್ತಿದ್ದ. ಹಾಗೆನ್ನುತ್ತಿದ್ದದ್ದು ಏಸಿಯ ಕೋಣೆಯೊಳಗೆ ಕೂತು.

ಮೋಟರು ಹೊಸ ತಂತಿ ಸುತ್ತಿಸಿಕೊಂಡು ಬಂತು. ಬಂದ ದಿನವೇ ಮುನಿವೆಂಕಟಮ್ಮ ಮಿಷನ್ನನ್ನು ಮಾರುವ ಮಾತಾಡಿಬಿಟ್ಟಳು. ಕೊಳ್ಳುವವನು ರಾಯಕೋಟೆಯಲ್ಲಿ ದಿನಸಿ ಅಂಗಡಿ, ಹಿಟ್ಟಿನ ಮಿಷನ್ನು ಎರಡನ್ನೂ ಇಟ್ಟಿದ್ದವನು, ಕದಿರಪ್ಪ ಮೂಟೆ ಒಯ್ಯುತ್ತಿದ್ದದ್ದೂ ಅವನಲ್ಲಿಗೇ. ನಾಳೆ ಬೆಳಗ್ಗೆ ಗಾಡಿ ತಂದು ಕಲ್ಲು, ತೊಟ್ಟಿ, ಮೋಟರು ಎಲ್ಲ ಬಿಚ್ಚಿಕೊಂಡು ಹೋಗುವುದೆಂದು ಆಗಿತ್ತು. ಆಮೇಲೆ ಹೊಟ್ಟೆಗೆ ಏನು ಎಂದು ತಾಯಿ ಕೇಳಿದ್ದಕ್ಕೆ ಕೂಲಿಗೆ ಹೋಗುತ್ತೇನೆ ಎಂದಳು. ತನ್ನ ಕೈಗೆ ಮಿಷನ್ನು ಒಗ್ಗಲಿಲ್ಲ, ಅದು ತೀರಿಹೋದ ಆ ಮಹಾರಾಯನ ಜೊತೆಗೇ ಹೋಗಬೇಕಿತ್ತು ಎಂದು ಅತ್ತಳು. ಬಸ್ಸಿಳಿದು ಬಂದ ಕದಿರಪ್ಪನಿಗೆ ತಾಯಿ ಇದನ್ನು ಹೇಳಿದಾಗ ಅವನು ಕಾಲು ತೊಳೆಯಲಿಲ್ಲ. ಸೀದಾ ಬೀದಿಯ ಆ ತುದಿಗೆ ನಡೆದ.

ನನಗೆ ಕಲಿಸಿದ ಸಿಸ್ಟರುಗಳ ಲೋಕದಲ್ಲಿ ತಪ್ಪೊಪ್ಪಿಗೆಗೆ ಒಂದು ಗೂಡಿದೆ, ಜಾಲರಿಯಿದೆ, ಆಚೆ ಕೂತವರ ಮುಖ ಕಾಣುವುದಿಲ್ಲ. ಕದಿರಪ್ಪನಿಗೆ ಸಿಕ್ಕಿದ್ದು ಮೆಣಸಿನಕಾಯಿ ಕಲ್ಲಿನ ಪಕ್ಕ ಒಂದು ಖಾಲಿ ಡಬ್ಬ. ಅಕ್ಕ ಕಲ್ಲಿನ ಸಂದಿಯ ಹಳೆಯ ಖಾರದಪುಡಿಯನ್ನು ಪೊರಕೆಯಿಂದ ಗುಡಿಸುತ್ತಿದ್ದಳು. ಇಬ್ಬರ ಕಣ್ಣಲ್ಲೂ ನೀರು. ಯಾವುದು ಖಾರದ್ದು ಯಾವುದು ಅಲ್ಲ ಎಂದು ಹೇಳುವಂತಿರಲಿಲ್ಲ.

"ಅಕ್ಕಯ್ಯ, ಮಿಷನ್ ಮಾರ್ಬ್ಯಾಡ."

"ಮಾತಾಗೋಗೈತೆ ಕಣ್ಲಾ. ಬೆಳಿಗ್ಗೆ ಬತ್ತಾನೆ."

"ಮೋಟ್ರು ಸುಟ್ಟಿದ್ದು ನಿನ್ನಿಂದ ಅಲ್ಲ."

"ಇನ್ಯಾರಿಂದ?" ಆಕೆ ಪೊರಕೆ ಕೆಳಗಿಟ್ಟಳು. "ಆವತ್ತು ಅವ್ನು ಕೇಳ್ಲಿಲ್ವಾ, ಪಕ್ಕದಲ್ಲಿ ಯಾರೂ ಇರ್ಲಿಲ್ವಾ ಅಂತ? ನಿಮ್ ಭಾವ ಮಿಷನ್ ಓಡ್ತಿರ್ಬೇಕಾದ್ರೆ ಉಗುಳಾಕೂ ಆಚೆ ಹೋಗ್ತಿರ್ಲಿಲ್ಲ. ನಾನು ತೊಟ್ಟಿ ತುಂಬ ರಾಗಿ ಸುರ್ದು ನಿನ್ ಜಗ್ಲಿ ಮೇಲೆ ಕುಂತಿದ್ದೆ. ತಂಪಿಗೆ ಆಸೆ ಬಿದ್ಬುಟ್ಟೆ. ಅದಕ್ಕೇ ನಿನ್ ಮುಖ ನೋಡಾಕೂ ಆಗ್ತಿರ್ಲಿಲ್ಲ. ನೀನು ಸೈಕಲ್ ತುಳಿಯೋದು ನೋಡಿದ್ರೆ ಹೊಟ್ಟೆ ಉರೀತೈತೆ. ನನ್ ತಪ್ಪಿಗೆ ನೀನ್ಯಾಕ್ಲಾ ಮೂಟೆ ಹೊರ್ಬೇಕು?"

ಇಷ್ಟು ದಿನವೂ ಅಕ್ಕ ತನ್ನ ಮೇಲೆ ಕೋಪ ಮಾಡಿಕೊಂಡಿದ್ದಾಳೆಂದು ಅವನು ನಂಬಿದ್ದ. ಕೋಪವಾದರೆ ತಡೆದುಕೊಳ್ಳಬಹುದಿತ್ತು. ತಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಇವಳು ತನ್ನನ್ನು ತಾನೇ ಕಳ್ಳಿ ಎಂದುಕೊಂಡು, ಗಂಡ ಬಿಟ್ಟುಹೋದದ್ದನ್ನೇ ಮಾರಲು ಹೊರಟಿದ್ದಾಳೆ.

"ಆ ತಂಪೇ ಸುಟ್ಟಿದ್ದು ಅಕ್ಕಯ್ಯ," ಎಂದ. "ನಮ್ಮನೆ ಏಸಿ ಹಾಕ್ದೇಟ್ಗೆ ನಿನ್ ಕಡೆ ಕರೆಂಟ್ ಇಳ್ದೋಗೋದು. ಬಾಗ್ಲಾಕಿದ್ರೆ ಅದೂ ಆಗಾಗ ನಿಲ್ಲೋದು, ನಿನ್ ಮಿಷನ್‌ಗೂ ಉಸಿರು ಸಿಗೋದು. ನಾನ್ ಬಾಗ್ಲಾಕ್ಲಿಲ್ಲ. ನಿನ್ ಬಲ್ಬು ಕೆಂಪಗಾಗೋದು ನೋಡ್ತಿದ್ದೆ."

"ಆವತ್ತಾ?"

"ದಿನಾ."

ಮುನಿವೆಂಕಟಮ್ಮ ಸೆರಗಿನ ತುದಿಯಿಂದ ಮೋಟರಿನ ಮೇಲಿನ ಧೂಳು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಅಂಗಾರೆ," ಎಂದಳು ಕೊನೆಗೆ, "ನನ್ ಮಿಷನ್ ಕರೆಂಟ್ನೇ ತಣ್ಣಗೆ ಮಾಡಿ ನಂಗೇ ಬಡಿಸಿದೆ ಅನ್ನು. ನಾನೂ ಸೆರಗು ಹೊದ್ಕೊಂಡು ಉಂಡೆ."

ಕದಿರಪ್ಪ ಅವಳು ಕೆಳಗಿಟ್ಟ ಪೊರಕೆ ಎತ್ತಿಕೊಂಡು ಕಲ್ಲಿನ ಸಂದಿ ಗುಡಿಸತೊಡಗಿದ.

"ಎದ್ದೋಗು. ರಾಯಕೋಟೆಯೋನ್ಗೆ ಗಾಡಿ ತರ್ಬ್ಯಾಡ ಅಂತ ಹೇಳ್ಬುಟ್ ಬಾ. ಯಾಕೆ ಅಂತಾನೂ ನೀನೇ ಹೇಳ್ಬೇಕು. ನಾನು ಹೇಳಲ್ಲ."

ಅವನು ಸೈಕಲ್ ಹತ್ತಿದ. ರಾಯಕೋಟೆಯ ಅಂಗಡಿಯಲ್ಲಿ ಗಿರಾಕಿಗಳ ನಡುವೆ ನಿಂತು, ಕನ್ನಡದಲ್ಲಿ ಅರ್ಧ, ತಮಿಳಿನಲ್ಲಿ ಅರ್ಧ, ಅದೇ ಅಂಗಡಿಯಲ್ಲಿ ಅಷ್ಟು ದಿನ ಹಿಟ್ಟು ಮಾಡಿಸಿದ ಒಳ್ಳೆಯ ತಮ್ಮ ತಾನಲ್ಲವೆಂದು ಹೇಳಿದ. ಅಂಗಡಿಯವನಿಗೆ ಏಸಿಯ ವಿಷಯ ತಲೆಗೆ ಹತ್ತಲಿಲ್ಲ. ಗಾಡಿ ಬಾಡಿಗೆಗೆ ಹೇಳಿಟ್ಟಿದ್ದಕ್ಕೆ ಗೊಣಗಿದ. ಆದರೆ ತೊಗರಿಸಂದ್ರದ ಯಾರೋ ಅಲ್ಲಿ ಬೆಲ್ಲ ಕೊಳ್ಳುತ್ತಿದ್ದರು. ಸುದ್ದಿ ಬಸ್ಸಿನಲ್ಲಿ ಹೋಯಿತು, ಕದಿರಪ್ಪ ಸೈಕಲ್ಲಿನಲ್ಲಿ ಹೋದ. ಅವನು ಊರು ಮುಟ್ಟುವಷ್ಟರಲ್ಲಿ ಜಗಲಿ ತುಂಬಿತ್ತು.

ಬೈಗಳಿಗೆ ಮೈಯೊಡ್ಡಿಯೇ ಬಂದವನಿಗೆ ಬೈಗಳೂ ಸಿಗಲಿಲ್ಲ. ನಾರಾಯಣಮ್ಮ ಹೊಸ್ತಿಲ ಮೇಲೆ ಕೂತು, ಬಾಗಿಲು ತೆಗೆದವಳು ತಾನು, ಮಗನನ್ನು ಯಾಕೆ ಅನ್ನುತ್ತೀರಿ ಎಂದು ಯಾರೂ ಅನ್ನದಿದ್ದರೂ ಜಗಳಕ್ಕೆ ನಿಂತಿದ್ದಳು. ಗೋಣಿಚೀಲ ಕಟ್ಟೋಣ ಎಂದು ಒಂದೇ ಸಲ ಹೇಳಿ ಸುಮ್ಮನಾದದ್ದು ತನ್ನ ತಪ್ಪು ಎಂದಳು ಆದಿಲಕ್ಷ್ಮಿ. ಜಗಲಿಗೆ ಮೊದಲು ಬಂದು ಕೂತವನು ತಾನು, ತಪ್ಪಿನಲ್ಲೂ ತನಗೇ ಮೊದಲ ಪಂಕ್ತಿ ಎಂದ ಪಾಪಣ್ಣ. ಅಷ್ಟು ಜನ ಹಂಚಿಕೊಂಡರೆ ತನ್ನ ಪಾಲು ಹಗುರಾಗಬೇಕಲ್ಲ ಎಂದು ಕದಿರಪ್ಪ ಕಾದ. ಆಗಲಿಲ್ಲ. ಅವರಲ್ಲಿ ಯಾರೂ ಆ ಕೆಂಪು ಬಲ್ಬನ್ನು ದಿನಾ ನೋಡಿರಲಿಲ್ಲ.

ಮಿಷನ್ನು ಮತ್ತೆ ಓಡಿತು. ಏಸಿಯ ತಂತಿಯನ್ನೂ ಕದಿರಪ್ಪ ಮತ್ತೆ ಸಿಕ್ಕಿಸಿದ, ಆದರೆ ಹೊಸ ಕಟ್ಟಳೆಯ ಮೇಲೆ. ದೀಪದ ಹೊತ್ತಿಗೆ ಬಾಗಿಲು ತೆರೆದೇ ಇರುತ್ತದೆ, ಯಂತ್ರ ಓಡುವುದಿಲ್ಲ. ಜಗಲಿಯವರಿಗೆ ಆದಿಲಕ್ಷ್ಮಿ ನೆನೆಸಿ ಕಟ್ಟಿದ ಗೋಣಿಯ ಗಾಳಿ. ಬೀದಿಯ ಆ ತುದಿಯಲ್ಲಿ ಮಿಷನ್ನಿನ ಸದ್ದು ನಿಲ್ಲುವ ತನಕ ಕದಿರಪ್ಪ ಫ್ಯಾನು ಕೂಡ ಹಾಕದೆ ಬೀಸಣಿಗೆ ಹಿಡಿದು ಕೂರುತ್ತಾನೆ. ಸದ್ದು ನಿಂತ ಮೇಲೆ ಅಮ್ಮನನ್ನು ನೋಡುತ್ತಾನೆ. ಲಕ್ಷ್ಮಿ ಬಂದಾಯಿತು, ಇನ್ನು ಬಾಗಿಲು ಹಾಕಿದರೆ ಹೊರಗೆ ಹೋಗಲಾರಳು ಎಂದು ನಾರಾಯಣಮ್ಮನೇ ಒಂದು ದಾರಿ ಕಂಡುಕೊಂಡಿದ್ದಳು. ವಾರಕ್ಕೊಮ್ಮೆ ಜಾಲರಿ ಬಿಚ್ಚಿ ತೊಳೆಯುತ್ತಾನೆ. ಬಾಗಿಲು ಹಾಕಿ, ತಿರುಪನ್ನು ಅರ್ಧಕ್ಕೆ ಮಾತ್ರ ತಿರುಗಿಸುತ್ತಾನೆ. ಮೀಟರಿನ ಬಿಲ್ಲೆ ಈಗ ಉರುಳುಸೇವೆ ಬಿಟ್ಟು ನಿಧಾನ ಪ್ರದಕ್ಷಿಣೆಗೆ ಇಳಿದಿದೆ. ಯಂತ್ರ ಹೂಂಕರಿಸಿದ ಕೂಡಲೇ ಎದ್ದು ಕಿಟಕಿಯ ಸಂದಿಯಿಂದ ಆ ತುದಿಯ ಬಲ್ಬು ನೋಡುತ್ತಾನೆ. ಮಿಷನ್ನು ಓಡುತ್ತಿಲ್ಲವೆಂದು ಗೊತ್ತಿದ್ದರೂ ನೋಡುತ್ತಾನೆ.

ಮಿಷನ್ನಿಗೆ ಬೀಗ ಹಾಕಿ ಮುನಿವೆಂಕಟಮ್ಮ ಅಮ್ಮನನ್ನು ನೋಡಲು ಬರುತ್ತಾಳೆ. ಬಂದವಳು ಜಗಲಿಯ ಮೇಲೆಯೇ ಕೂರುತ್ತಾಳೆ. ಬಾಗಿಲು ಇಷ್ಟೇ ತೆರೆದು ಕದಿರಪ್ಪ, ಒಳಗ್ ಬಾ ಅಕ್ಕಯ್ಯ, ತಣ್ಣಗೈತೆ ಎನ್ನುತ್ತಾನೆ. ಹಿಟ್ಟಿನ ಮೈ ಕಣ್ಲಾ, ಇಲ್ಲೇ ಇರಲಿ ಎಂದು ಆಕೆ ಅಂಗೈ ಒರೆಸಿಕೊಳ್ಳುತ್ತಾಳೆ. ದನಿಯಲ್ಲಿ ಕೋಪವಿರುವುದಿಲ್ಲ, ಅವನು ಹುಡುಕಿದರೂ ಸಿಗುವುದಿಲ್ಲ. ಸ್ವಲ್ಪ ಹೊತ್ತು ಆ ಸಂದಿಯಲ್ಲೇ ನಿಲ್ಲುತ್ತಾನೆ. ಒಳಗೂ ಹೋಗದೆ ಹೊರಗೂ ಬಾರದೆ ಬಾಗಿಲು ತೆರೆದು ನಿಲ್ಲುವವರನ್ನು ಅವನು ಕಾರ್ಖಾನೆಯಲ್ಲಿ ಎಂದೂ ಸಹಿಸಿದವನಲ್ಲ. ಆಮೇಲೆ ಒಳಗೆ ಹೋಗಿ ಯಂತ್ರ ಆರಿಸಿ, ಬೀಸಣಿಗೆ ತೆಗೆದುಕೊಂಡು ಬಂದು, ಅಕ್ಕನ ಪಕ್ಕ ಸೆಕೆಯಲ್ಲಿ ಕೂರುತ್ತಾನೆ.